ಜೋಗಿಮಟ್ಟಿಯ ಮೊದಲ ತಿರುವು

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಸಬ್ ಇನ್ಸ್‌ಪೆಕ್ಟರ್ ಪಲ್ಲವಿ ನಮ್ಮ ಅಂಗಡಿಗೆ ಬಂದು ತಮ್ಮ ಫೋನನ್ನು ಬೆಂಚಿನ ಮೇಲಿಟ್ಟರು. ಪರದೆಯ ಮೇಲೆ ಒಂದು ಬೈಕಿನ ಮುಂಚಕ್ರದ ಚಿತ್ರವಿತ್ತು. ಎರಡು ಬೆರಳಿನಿಂದ ಅದನ್ನು ಹಿಗ್ಗಿಸಿ, ಬ್ರೇಕಿನ ಪಕ್ಕದ ಪುಟ್ಟ ನಿಪ್ಪಲನ್ನು ತೋರಿಸಿದರು. ಬ್ರೇಕ್ ಆಯಿಲಿನ ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ಹೊರಬಿಡಲು ನಾವು ತಿರುಗಿಸುವ ನಿಪ್ಪಲ್ ಅದು.

"ಒಂದೂವರೆ ಸುತ್ತು ಸಡಿಲ ಐತೆ. ಆಯಿಲ್ ಪೂರಾ ಖಾಲಿ. ಇದನ್ನ ಬಿಗಿ ಮಾಡಿದ್ದು ನೀವೇ ಅಲ್ವಾ ಬಾಲರಾಜು?"

ಹೌದು ಎಂದಿದ್ದರೆ ಸಾಕಿತ್ತು. ನಾನು "ಬಿಗಿ ಮಾಡಿದ್ದೆ ಅನ್ಸುತ್ತೆ ಮೇಡಂ" ಎಂದೆ.

ಬೈಕು ತಾಬಿಶನದು. ಇಪ್ಪತ್ತನಾಲ್ಕರ ಹುಡುಗ, ಮುಂದಿನ ತಿಂಗಳು ಕೊಯಮತ್ತೂರಿನ ಟ್ರ್ಯಾಕಿನಲ್ಲಿ ರೇಸ್ ತಂಡದ ಆಯ್ಕೆಗೆ ಹೋಗಬೇಕಿದ್ದವನು. ಭಾನುವಾರ ಬೆಳಿಗ್ಗೆ ಜೋಗಿಮಟ್ಟಿ ಬೆಟ್ಟದಿಂದ ಇಳಿಯುವಾಗ, ಮೊದಲ ತಿರುವಿನಲ್ಲೇ ಬ್ರೇಕ್ ಹಿಡಿಯದೆ ಬಂಡೆಗೆ ಹೋಗಿ ಬಿದ್ದಿದ್ದ. ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು. ಹಿಂದಿನ ಗುರುವಾರ ಅದೇ ಬೈಕಿಗೆ ಚಕ್ರದ ಡಿಸ್ಕನ್ನು ಕಚ್ಚಿ ಹಿಡಿಯುವ ಹೊಸ ಪ್ಯಾಡು, ಸ್ಟೀಲ್ ಹೊದಿಕೆಯ ಪೈಪು, ಹೊಸ ಆಯಿಲು ಹಾಕಿದವನು ನಾನು.

"ನಾಳೆ ಸಂಜೆ ಐದರವರೆಗೆ ಟೈಮ್ ಕೊಡ್ತೀನಿ." ಪಲ್ಲವಿ ಇದನ್ನು ಹೇಳಿದ್ದು ನನಗಲ್ಲ, ನನ್ನ ಹಿಂದೆ ಮೊಳೆ ಡಬ್ಬಿಯ ಪಕ್ಕ ಕುಳಿತಿದ್ದವರಿಗೆ. "ಅದೂ ನಿಮ್ಮ ಮುಖ ನೋಡಿ ಜೈಬುನ್ನೀಸಮ್ಮ. ಆಮೇಲೆ ಕೇಸು ಇವರ ಮೇಲೇ. ಅಲ್ಲೀಗಂಟ ಊರು ಬಿಟ್ಟು ಹೋಗಂಗಿಲ್ಲ."

ಜೈಬುನ್ನೀಸಾ ಆಪಾ ನಲವತ್ತು ವರ್ಷದಿಂದ ಹೊಳಲ್ಕೆರೆ ರಸ್ತೆಯ ಈ ಅಂಗಡಿಯಲ್ಲಿ ಬ್ರೇಕ್ ಲೈನಿಂಗ್ ಹೊಡೆಯುತ್ತಿರುವವರು. ಸವೆದ ಬ್ರೇಕನ್ನು ಕೈಯಲ್ಲಿ ತಿರುಗಿಸಿ, ಗಾಡಿ ಓಡಿಸುವವನಿಗೆ ಸಿಟ್ಟು ಜಾಸ್ತಿಯೋ ನಿದ್ದೆ ಜಾಸ್ತಿಯೋ ಎಂದು ಹೇಳಬಲ್ಲರು. ಊರಿನಲ್ಲಿ ಏನಾದರೂ ಕಳೆದರೆ, ಯಾರಾದರೂ ಸುಳ್ಳು ಹೇಳುತ್ತಿದ್ದರೆ, ಜನ ಠಾಣೆಗಿಂತ ಮೊದಲು ಇಲ್ಲಿಗೆ ಬರುತ್ತಾರೆ. ಎರಡು ಸಲ ಠಾಣೆಯವರೇ ಬಂದಿದ್ದರು. ನಾನು ಬಾಗೂರಿನವನು, ಹಗಲು ಅವರ ಕೈಕೆಳಗೆ ಕೆಲಸ ಮಾಡಿ, ಸಂಜೆ ಕಾಲೇಜಿನಲ್ಲಿ ಬಿ.ಎ. ಮುಗಿಸಿದೆ. ಅವರು ಬಿಡಿಸಿದ ಪ್ರಕರಣಗಳನ್ನು ಬರೆದಿಡುವುದು ನನ್ನ ಅಭ್ಯಾಸ. ಈ ಸಲದ ಪ್ರಕರಣ ನಾನೇ ಆಗಿದ್ದೆ.

"ಕುಂತ್ಕ," ಎಂದರು ಆಪಾ. "ಗುರುವಾರದಿಂದ ಹೇಳು. ನಿನಗೆ ಅನ್ಸಿದ್ದು ಬ್ಯಾಡ, ಆಗಿದ್ದು ಹೇಳು."

ನನ್ನ ನೋಟ್‌ಬುಕ್ ತೆರೆದು ತೋರಿಸಿದೆ. ಪ್ರತಿ ಕೆಲಸಕ್ಕೂ ನಾನು ಪಟ್ಟಿ ಬರೆದುಕೊಂಡು ಗುರುತು ಹಾಕುತ್ತೇನೆ. 'ನಿಪ್ಪಲ್ ಬಿಗಿ' ಎಂಬುದರ ಮುಂದೆ ಗುರುತಿತ್ತು. ಆದರೆ ಆಯಿಲ್ ಕೈಯಿಂದ ಪುಸ್ತಕ ಮುಟ್ಟಬಾರದೆಂದು ಎಷ್ಟೋ ಸಲ ಕೆಲಸಕ್ಕೆ ಮೊದಲೇ ಗುರುತು ಹಾಕಿಬಿಡುತ್ತೇನೆ. ಅದನ್ನೂ ಹೇಳಿದೆ.

"ಆಮೇಲೆ?"

"ಆಮೇಲೆ ಯಾವತ್ತಿನಂಗೆ ಲಿವರ್ ಎಳೆದು ಟ್ಯೂಬಿನ ಪಟ್ಟಿ ಕಟ್ಟಿ ಮನೆಗೋದೆ."

ಇದು ನಮ್ಮ ಅಂಗಡಿಯ ಪದ್ಧತಿ. ಗಾಳಿ ತೆಗೆದ ಮೇಲೆ ಬ್ರೇಕ್ ಲಿವರನ್ನು ಎಳೆದು, ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯಿಂದ ಹಿಡಿಕೆಗೆ ಬಿಗಿದು ಬೆಳಗಿನವರೆಗೆ ಬಿಡುತ್ತೇವೆ. ಉಳಿದ ಸಣ್ಣ ಗುಳ್ಳೆಗಳು ಮೇಲೇರಿ ಹೋಗಿ ಬ್ರೇಕು ಗಟ್ಟಿಯಾಗುತ್ತದೆ.

"ಶುಕ್ರವಾರ ಬಿಚ್ಚುವಾಗ ಹೆಂಗಿತ್ತು?"

"ಕಟ್ಟುವಾಗ ಲಿವರಿಗೂ ಹಿಡಿಕೆಗೂ ಎರಡು ಬೆರಳು ಸಂದಿ ಇತ್ತು. ಬಿಚ್ಚುವಾಗಲೂ ಅಷ್ಟೇ. ಪಟ್ಟಿ ತಂತಿಯಂಗೆ ಬಿಗಿಯಾಗಿತ್ತು. ತಾಬಿಶನಿಗೆ ಹೇಳಿದ್ದೆ, ಹೊಸ ಪ್ಯಾಡು, ತಕ್ಷಣ ಜೋರು ಬ್ರೇಕ್ ಹಾಕ್ಬೇಡ, ಹಿರಿಯೂರು ರೋಡಲ್ಲಿ ಅರವತ್ತಕ್ಕೆ ಹೋಗಿ ಹತ್ತಕ್ಕೆ ಇಳಿಸು, ಪೂರ್ತಿ ನಿಲ್ಲಿಸ್ಬೇಡ, ಇಪ್ಪತ್ತು ಸಲ ಹಂಗೆ ಮಾಡು ಅಂತ. ಪ್ಯಾಡು ಡಿಸ್ಕಿಗೆ ಒಂದೇ ಸಮ ಕೂರ್ಲಿ ಅಂತ ಆಪಾ. ಶನಿವಾರ ಮಧ್ಯಾಹ್ನ ಬಬ್ಬೂರಿನವರೆಗೆ ಹೋಗಿ ಬಂದು ಫೋನ್ ಮಾಡಿದ್ದ. 'ಬಾಲಣ್ಣ, ಎರಡು ಬೆರಳು ಸಾಕು, ಬೈಕು ನೆಲ ಕಚ್ಕಂಡು ನಿಲ್ತದೆ' ಅಂದ."

"ಹಂಗಾದ್ರೆ ಶನಿವಾರ ಮಧ್ಯಾಹ್ನ ಬ್ರೇಕು ಚೆನ್ನಾಗಿತ್ತು."

"ನಿಪ್ಪಲ್ ಅರೆಬಿಗಿ ಇದ್ರೆ ಅದುರಿ ಅದುರಿ ಆಮೇಲೆ ಸಡಿಲ ಆಗಬಹುದು ಆಪಾ."

"ನಿನ್ನ ವಿರುದ್ಧ ವಾದ ಮಾಡೋಕೆ ನಿನಗಿಂತ ಒಳ್ಳೆ ವಕೀಲ ಸಿಗಲ್ಲ ಬಿಡು. ಏಳು, ಆಸ್ಪತ್ರೆಗೆ ಹೋಗಾಣ."

ತಾಬಿಶ್ ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ. ಪಕ್ಕದಲ್ಲಿ ನಾಸಿರ್ ಮೂಸಂಬಿ ಸುಲಿಯುತ್ತಿದ್ದ. ಭಾನುವಾರ ಇಬ್ಬರೂ ಬೇರೆ ಬೇರೆ ಬೈಕಿನಲ್ಲಿ ಒಟ್ಟಿಗೆ ಬೆಟ್ಟ ಹತ್ತಿದ್ದರು. ತಂಡದಲ್ಲಿದ್ದ ಒಂದೇ ಜಾಗಕ್ಕೆ ಇಬ್ಬರೂ ಕಣ್ಣಿಟ್ಟವರೆಂಬುದು ಊರಿಗೆಲ್ಲ ಗೊತ್ತಿತ್ತು.

"ಏನಾತು ಬೇಟಾ?" ಎಂದು ಆಪಾ ಕೇಳಿದರು.

"ತಿರುವು ಬಂತು, ಲಿವರ್ ಎಳೆದೆ ಖಾಲಾ. ಕಲ್ಲಿನಂಗೆ ಗಟ್ಟಿ. ಜೀವ ಹೋಗಂಗೆ ಎಳೆದೆ, ಬೈಕು ಜಾರ್ಕಂಡು ಹೋಗ್ತಾನೇ ಇತ್ತು." ತಾಬಿಶ್ ನನ್ನತ್ತ ನೋಡದೆ ಹೇಳಿದ.

"ಹತ್ತುವಾಗ ಗೊತ್ತಾಗ್ಲಿಲ್ವಾ?"

"ಹತ್ತುವಾಗ ಬ್ರೇಕ್ ಎಲ್ಲಿ ಬೇಕು? ಊರೊಳಗೆ ಒಂದ್ಸಲ ಸ್ವಲ್ಪ ಜಾರ್ದಂಗಾತು. ಶನಿವಾರ ಸಂಜೆ ಶಿವರಾಜನ ಹತ್ರ ತೊಳೆಸಿದ್ದೆ, ನೀರು ಉಳಿದಿರಬೇಕು ಅನ್ಕಂಡೆ."

"ಮೇಲೆ ಬೈಕಿನ ಹತ್ರ ಯಾರಿದ್ರು?"

ನಾಸಿರ್ ಕೈಯಲ್ಲಿನ ತೊಳೆಯನ್ನು ತಟ್ಟೆಗೆ ಹಾಕಿದ. "ನಾನೇ. ಇವನು ಫೋನ್ ಮಾತಾಡ್ತಾ ಆ ಕಡೆ ಹೋದ, ಹತ್ತು ನಿಮಿಷ ಎರಡೂ ಬೈಕು ಕಾಯ್ಕಂಡಿದ್ದೆ. ಹಂಗೆ ನೋಡಬ್ಯಾಡ್ರಿ ಖಾಲಾ. ಇವನನ್ನ ಹಿಂದಾಕಿ ಗೆಲ್ಬೇಕು ನಾನು. ಇವನು ಮಂಚದ ಮೇಲೆ ಮಲಗಿರುವಾಗ ಗೆದ್ರೆ ಯಾರು ಗೆದ್ದೆ ಅಂತಾರೆ?"

"ಲೇ, ಪ್ಲಾಸ್ಟರ್ ಹಾಕ್ಕಂಡೇ ನಿನ್ನ ಹಿಂದಾಕ್ತೀನಿ ಕಣೋ," ಎಂದ ತಾಬಿಶ್. ಆ ಕೋಣೆಯಲ್ಲಿ ಯಾರಾದರೂ ನಕ್ಕಿದ್ದು ಅದೊಂದೇ ಸಲ.

ತಾಬಿಶ್ ಬಿದ್ದ ಮೇಲೆ ನಾಸಿರ್ ಅವನ ಜೊತೆ ಆಂಬುಲೆನ್ಸಿನಲ್ಲಿ ಬಂದಿದ್ದ. ಬೈಕನ್ನು ತರಲು ಶಿವರಾಜನಿಗೆ ಫೋನ್ ಮಾಡಿದ್ದ. ಶಿವರಾಜ್ ತನ್ನ ಪಿಕಪ್ಪಿನಲ್ಲಿ ಒಬ್ಬನೇ ಅದನ್ನು ಠಾಣೆಗೆ ಮುಟ್ಟಿಸಿದ್ದ.

ಹಿಂತಿರುಗುವ ದಾರಿಯಲ್ಲೇ ಶಿವರಾಜನ ವಾಟರ್ ಸರ್ವೀಸ್. ಅವನು ಒಂದು ಟ್ರ್ಯಾಕ್ಟರಿಗೆ ಕೊನೆಯ ನೀರು ಹೊಡೆದು, ಗನ್ನು ಬದಲಿಸಿ, ಎಲ್ಲ ವಾಟರ್ ಸರ್ವೀಸಿನವರೂ ಮಾಡುವಂತೆ ಅದರ ಮೈಗೆಲ್ಲ ಡೀಸೆಲ್ ಹೊಡೆಯುತ್ತಿದ್ದ. ಮಾಸಿದ ಮಡ್‌ಗಾರ್ಡು ಹೊಸದರಂತೆ ಮಿಂಚಿತು.

"ಬರ್ರಿ ಅಮ್ಮ, ಕುಂತ್ಕಳ್ರಿ. ಬಾಲಣ್ಣ, ಮನಸ್ಸಿಗೆ ಹಚ್ಕಬ್ಯಾಡ. ಕೆಲಸ ಮಾಡೋರ ಕೈಲೇ ತಪ್ಪಾಗದು," ಎಂದು ಅವನೇ ಓಡಿಹೋಗಿ ಚಹಾ ತಂದುಕೊಟ್ಟ. ಆ ಮಾತಿಗೆ ನನ್ನ ಕಣ್ಣು ತುಂಬಿತು. ಮರೆಮಾಡಲು ಅತ್ತ ತಿರುಗಿದೆ. ಅಲ್ಲಿ ಅವನ ಪಿಕಪ್ ನಿಂತಿತ್ತು. ಹಿಂಭಾಗಕ್ಕೆ ಹೊಸದಾಗಿ ನೀಲಿ ಬಣ್ಣ ಹೊಡೆಸಿದ್ದ. ಒಂದು ಮೂಲೆಯಲ್ಲಿ ಮಾತ್ರ ಅಂಗೈ ಅಗಲ ಬಣ್ಣ ಹಪ್ಪಳದಂತೆ ಉಬ್ಬಿ ಸುಕ್ಕಾಗಿತ್ತು. ಬ್ಯಾಟರಿ ನೀರು ಚೆಲ್ಲಿರಬೇಕು ಎಂದುಕೊಂಡೆ. ಆಪಾ ಚಹಾ ಲೋಟ ಹಿಡಿದುಕೊಂಡೇ ಪಿಕಪ್ಪಿನ ಸುತ್ತ ಒಂದು ಸುತ್ತು ಬಂದರು.

ಮರುದಿನ ಬೆಳಿಗ್ಗೆ ಬಾಗೂರಿನ ಕಡೆಯ ಬಸ್ಸು ಅಂಗಡಿಯ ಮುಂದೆಯೇ ನಿಧಾನಿಸಿತು. ಕಂಡಕ್ಟರ್ ನನ್ನ ಮುಖ ನೋಡಿ, ನಾನು ಅಲ್ಲಾಡದಿದ್ದುದಕ್ಕೆ ಸೀಟಿ ಊದಿ ಹೋದ. ಊರಿನಲ್ಲಿ ಅವ್ವನಿಗೆ ಇನ್ನೂ ಏನೂ ಹೇಳಿರಲಿಲ್ಲ. ಗುರುವಾರ ಸಂಜೆಯನ್ನು ನೂರು ಸಲ ನೆನಪಿಗೆ ತಂದುಕೊಂಡೆ. ಪ್ರತಿ ಸಲವೂ ನನ್ನ ಕೈ ಸ್ಪ್ಯಾನರ್ ಹಿಡಿಯುವವರೆಗೆ ಕಾಣುತ್ತಿತ್ತು, ತಿರುಗಿಸಿದ್ದು ಕಾಣುತ್ತಿರಲಿಲ್ಲ. ತಪ್ಪು ಒಪ್ಪಿಕೊಂಡುಬಿಟ್ಟರೆ ಕನಿಷ್ಠ ಈ ಹುಡುಕಾಟವಾದರೂ ನಿಲ್ಲುತ್ತದೆ ಅನ್ನಿಸತೊಡಗಿತ್ತು. ಆಪಾ ಒಬ್ಬರೇ ಠಾಣೆಗೆ ಹೋಗಿ ಬಂದರು. ಕೈಯಲ್ಲಿದ್ದ ಬಿಳಿ ಬಟ್ಟೆ ಜಿಡ್ಡಾಗಿತ್ತು. ಏನೆಂದು ಕೇಳಿದರೆ "ಸಂಜೆಗೆ ಕುರ್ಚಿ ಸಾಲಲ್ಲ, ಎರಡು ತಗಂಬಾ" ಎಂದರು.

ನಾಲ್ಕೂವರೆಗೆ ಎಲ್ಲರೂ ಸೇರಿದರು: ಪಲ್ಲವಿ, ಆಸ್ಪತ್ರೆಯಿಂದ ಬಿಡುಗಡೆಯಾಗಿದ್ದ ತಾಬಿಶ್, ನಾಸಿರ್, ಶಿವರಾಜ್. ರಸ್ತೆಯವರು ಇಣುಕುತ್ತಾರೆಂದು ಆಪಾ ನನ್ನಿಂದ ಶಟರ್ ಎಳೆಸಿದರು. ಒಂದೇ ಬಲ್ಬಿನ ಬೆಳಕು, ಆರು ಜನರ ಉಸಿರು, ಆಪಾ ಬೆನ್ನ ಹಿಂದಿನ ಹಿಂಬಾಗಿಲು ಬಿಟ್ಟರೆ ಹೊರಗೆ ಹೋಗಲು ದಾರಿ ಇಲ್ಲ. ನನಗಂತೂ ಎರಡು ದಿನದಿಂದ ಹಾಗೆಯೇ ಇತ್ತು.

"ಆಯಿಲ್ ಸೋರಿ ಬ್ರೇಕ್ ಹೋದ್ರೆ ಲಿವರ್ ಏನಾಗ್ತೈತೆ?" ಎಂದು ಆಪಾ ಶುರುಮಾಡಿದರು. "ಹೇಳು ಬಾಲು, ನಿನ್ನನ್ನೇ ಕೇಳಿದ್ದು."

"ಮೆತ್ತಗಾಗಿ ಹಿಡಿಕೆಗೆ ಬಂದು ಅಂಟ್ಕಣ್ತದೆ."

"ತಾಬಿಶ್ ಹೇಳಿದ್ದೇನು? ಕಲ್ಲಿನಂಗೆ ಗಟ್ಟಿ. ಅಂದ್ರೆ ಬೀಳುವಾಗ ಪೈಪಿನ ತುಂಬ ಆಯಿಲ್ ಇತ್ತು, ನಿಪ್ಪಲ್ ಬಿಗಿಯಾಗೇ ಇತ್ತು. ಸಡಿಲ ಆಗಿದ್ದು ಬಿದ್ದ ಮೇಲೆ."

ಪಲ್ಲವಿ ಬರೆದುಕೊಳ್ಳುವುದನ್ನು ನಿಲ್ಲಿಸಿದರು. "ಹಾಗಾದ್ರೆ ಬ್ರೇಕ್ ಹಿಡೀಲಿಲ್ಲ ಯಾಕೆ? ಪ್ಯಾಡ್ ಕಾದು ಹೋಗಿತ್ತಾ?"

"ಹತ್ತು ತಿರುವು ಇಳಿದಿದ್ರೆ ಹಂಗನ್ನಬಹುದಿತ್ತು ಮೇಡಂ. ಇದು ಮೊದಲನೇ ತಿರುವು, ಅದೂ ಹತ್ತು ನಿಮಿಷ ನಿಂತು ತಣ್ಣಗಾದ ಬೈಕು. ಲಿವರ್ ಗಟ್ಟಿ, ಕಾವಿಲ್ಲ, ಹಿಡಿತವೂ ಇಲ್ಲ. ಉಳಿದಿದ್ದು ಒಂದೇ, ಡಿಸ್ಕಿನ ಮೇಲೆ ಜಿಡ್ಡು."

ಲೈನಿಂಗಿನ ಅಂಟು ಕಾಯಿಸುವ ಒಲೆ ಹಚ್ಚಿ, ಪಲ್ಲವಿ ಬೈಕಿನಿಂದ ಬಿಚ್ಚಿಸಿ ತಂದಿದ್ದ ಪ್ಯಾಡನ್ನು ಆಪಾ ಕಾವಲಿಯ ಮೇಲಿಟ್ಟರು. ಎರಡು ನಿಮಿಷಕ್ಕೆ ಪ್ಯಾಡು ಬೆವರಿದಂತಾಯಿತು, ಸಣ್ಣ ಹೊಗೆ ಎದ್ದಿತು. ಮುಚ್ಚಿದ ಶಟರಿನೊಳಗೆ ಆ ವಾಸನೆ ಎಲ್ಲರ ಮೂಗಿಗೂ ಬಂತು. ಲಾರಿ, ಟ್ರ್ಯಾಕ್ಟರು, ಪಂಪ್‌ಸೆಟ್ಟುಗಳ ವಾಸನೆ.

"ಡೀಸೆಲ್," ಎಂದ ನಾಸಿರ್.

"ಹೊಸ ಪ್ಯಾಡು ಅದನ್ನ ಹೀರ್ಕಂಡೈತೆ. ಯಾರಾದ್ರೂ ಬೇಕಂತ ಬಟ್ಟೆಯಲ್ಲಿ ಹಚ್ಚಿದ್ರೆ ಜಿಡ್ಡು ಡಿಸ್ಕಿನ ಮೇಲಷ್ಟೇ ಇರ್ತಿತ್ತು. ನಾನು ಠಾಣೆಯಲ್ಲಿ ಬಿಳಿ ಬಟ್ಟೆ ಹಾಕಿ ನೋಡ್ದೆ. ಚಕ್ರದ ಒಳಮೈ, ಎಂಜಿನ್ನಿನ ತಳ, ಸೀಟಿನ ಅಡಿ, ಎಲ್ಲಾ ಕಡೆ ಇಬ್ಬನಿ ಕೂತಂಗೆ. ಅದಕ್ಕೆ ಸ್ಪ್ರೇ ಗನ್ನು ಬೇಕು. ಬೆಟ್ಟದ ಮೇಲೆ ನಾಸಿರನಿಗೆ ಗನ್ನು ಎಲ್ಲಿಂದ ಬರ್ಬೇಕು?" ಆಪಾ ಒಲೆ ಆರಿಸಿದರು. "ಇನ್ನು ನಿಪ್ಪಲ್. ಬ್ರೇಕ್ ಆಯಿಲ್ ಹೊಸ ಬಣ್ಣಕ್ಕೆ ವಿಷ. ಎಷ್ಟು ಒರೆಸಿದ್ರೂ ಬಣ್ಣ ಉಬ್ಬಿ ಏಳ್ತೈತೆ. ನಿನ್ನ ಪಿಕಪ್ಪಲ್ಲಿ ಎದ್ದೈತಲ್ಲ ಶಿವರಾಜ್, ಆ ಥರ."

ಶಿವರಾಜ್ ಶಟರಿನ ಕಡೆ ನೋಡಿದ. ಅದು ಮುಚ್ಚಿತ್ತು. ನಿನ್ನೆಯಿಂದ ನನ್ನ ಮುಖ ಹೇಗಿತ್ತೋ, ಆಗ ಅವನ ಮುಖ ಹಾಗೇ ಇತ್ತು.

"ಪ್ರೀತಿಗೆ ಹೊಡೆದೆ ಅಮ್ಮ," ಎಂದ ಕೊನೆಗೆ. "ರೇಸಿಗೆ ಹೋಗೋ ಬೈಕು, ಮಿಂಚಲಿ ಅಂತ. ಎಲ್ಲಾ ಗಾಡಿಗೂ ಹೊಡೀತೀವಿ. ಲಾರಿ ಬ್ರೇಕು ಡ್ರಮ್ಮಿನೊಳಗಿರ್ತೈತೆ, ಏನೂ ಆಗಲ್ಲ. ಇದರದ್ದು ಹೊರಗೈತೆ ಅಂತ ತಲೆಗೆ ಹೊಳೀಲೇ ಇಲ್ಲ. 'ಬ್ರೇಕ್ ಹಿಡೀಲಿಲ್ಲ' ಅಂತ ನಾಸಿರ್ ಫೋನಲ್ಲಿ ಅಂದ ತಕ್ಷಣ ಗೊತ್ತಾತು. ದಾರೀಲಿ ಪಿಕಪ್ ನಿಲ್ಲಿಸಿ, ಎಂಟರ ಸ್ಪ್ಯಾನರ್ ಹಾಕಿ ನಿಪ್ಪಲ್ ಬಿಚ್ಚಿ, ಲಿವರ್ ಒತ್ತಿ ಆಯಿಲ್ ಚೆಲ್ಲಿದೆ."

"ನನ್ನ ಮೇಲೆ ಯಾಕೆ ಶಿವರಾಜ್?" ಎಂದೆ.

ಅವನು ನೆಲ ನೋಡಿಕೊಂಡು ಹೇಳಿದ: "ನೀನು ಯಾವಾಗ್ಲೂ 'ನಂದೇ ತಪ್ಪಿರಬೇಕು' ಅಂತೀಯಲ್ಲ ಬಾಲಣ್ಣ. ನೀನೇ ಒಪ್ಕಂತೀಯ ಅನ್ಕಂಡೆ."

ತಾಬಿಶ್ ಎದ್ದು ನಿಂತ. "ನನ್ನ ಕೈ ಮುರಿದಿದ್ದು ಗೊತ್ತಿಲ್ದೆ ಆಗಿದ್ದು, ಬಿಡು. ಬಾಲಣ್ಣನ ಕೊರಳಿಗೆ ಕಟ್ಟಿದ್ದು ಗೊತ್ತಿದ್ದೇ ಅಲ್ವಾ? ಅದನ್ನ ಹೆಂಗ್ ಬಿಡ್ಲಿ?" ಎಂದು ಎಡಗೈಯಿಂದ ನನ್ನ ಹೆಗಲು ಹಿಡಿದುಕೊಂಡ.

ಪಲ್ಲವಿ ಶಿವರಾಜನನ್ನು ಕರೆದುಕೊಂಡು ಹಿಂಬಾಗಿಲಿನಿಂದ ಹೋದರು. ನಾಸಿರ್ ತಾಬಿಶನನ್ನು ಮನೆಗೆ ಕರೆದೊಯ್ದ. ನಾನು ಕುಳಿತಲ್ಲೇ ಕುಳಿತಿದ್ದೆ.

"ಇನ್ನೂ ಏನು ಯೋಚನೆ?" ಎಂದರು ಆಪಾ.

"ಅವನು ಸಡಿಲ ಮಾಡಿದ್ದು ನಿಜ ಆಪಾ. ಆದ್ರೂ ಗುರುವಾರ ನಾನು ಪೂರ್ತಿ ಬಿಗಿ ಮಾಡಿದ್ನೋ ಇಲ್ವೋ, ನನಗಿನ್ನೂ ನೆನಪಿಲ್ಲ."

ಅವರು ಮೊಳೆಗೆ ನೇತುಹಾಕಿದ್ದ ಟ್ಯೂಬಿನ ಪಟ್ಟಿಯನ್ನು ತೆಗೆದು ನನ್ನ ಮಡಿಲಿಗೆ ಎಸೆದರು. "ನಿನಗೆ ನೆನಪಿಲ್ಲ, ಇದಕ್ಕೆ ಐತೆ. ಒಂದು ರಾತ್ರಿ ಪೂರಾ ಇದು ಲಿವರನ್ನ ಎಳೀತಿತ್ತು. ನಿಪ್ಪಲ್ ಕೂದಲೆಳೆಯಷ್ಟು ಸಡಿಲ ಇದ್ದಿದ್ರೂ ಬೆಳಿಗ್ಗೆ ಹೊತ್ತಿಗೆ ಆಯಿಲ್ ಸೋರಿ, ಲಿವರ್ ಹಿಡಿಕೆಗೆ ಬಂದು, ಪಟ್ಟಿ ಜೋತುಬಿದ್ದಿರ್ತಿತ್ತು. ಎರಡು ಬೆರಳು ಸಂದಿ ಹಂಗೇ ಇತ್ತು ಅಂತ ನೀನೇ ಹೇಳ್ದೆ. ನಿನ್ನ ಸಾಕ್ಷಿಯನ್ನ ನಾನು ನಂಬಿದೆ, ನೀನೇ ನಂಬಲಿಲ್ಲ."

"ಪಟ್ಟಿ ಜೋತುಬಿದ್ದಿತ್ತು ಅಂದಿದ್ರೆ?"

"ನಾನೇ ಹಿಡಿದು ಕೊಡ್ತಿದ್ದೆ. ಏಳು, ಶಟರ್ ಎತ್ತು. ಡೀಸೆಲ್ ವಾಸನೆಗೆ ತಲೆ ನೋಯ್ತೈತೆ."

ಎತ್ತಿದೆ. ಗಾಳಿ ಒಳಗೆ ಬಂತು. ಬಾಗೂರಿನ ಕಡೆಯ ಸಂಜೆ ಬಸ್ಸು ಬರುವುದಕ್ಕೆ ಇನ್ನೂ ಹತ್ತು ನಿಮಿಷವಿತ್ತು, ಈಗ ಹತ್ತಬಹುದಿತ್ತು. ಹೊರಡುವ ಮೊದಲು ಕೈಯನ್ನು ಸೋಪು ಹಾಕಿ ತೊಳೆದು ಒರೆಸಿಕೊಂಡೆ. ನೋಟ್‌ಬುಕ್ ತೆರೆದು, 'ನಿಪ್ಪಲ್ ಬಿಗಿ' ಎಂಬುದರ ಮುಂದಿದ್ದ ಹಳೆಯ ಗುರುತಿನ ಪಕ್ಕದಲ್ಲಿ ಇನ್ನೊಂದು ಗುರುತು ಹಾಕಿದೆ.