ಎವರ್ಟ್‌ನ ಹೆಸರಿನ ಎರಡು ಹನಿ

ಸಿಕ್ಸ್ಟೆನ್‌ಗೆ ಎವರ್ಟ್‌ನ ಮೇಲೆ ದ್ವೇಷವಿರಲಿಲ್ಲ. ದ್ವೇಷವಿದ್ದದ್ದು ಒಂದು ಕಲ್ಲಿನ ಮೇಲೆ. ಊರಿನ ಕಾಡು ಮುಗಿಯುವ ಕಡೆ, ಜೌಗು ನೆಲದ ಆಚೆ, ಪಾಚಿ ಹಿಡಿದ ಒಂದು ಕಲ್ಲು ಇತ್ತು. ಅಕ್ಟೋಬರಿನಲ್ಲಿ ಮೂಸ್ ಬೇಟೆ ಶುರುವಾದಾಗ ಯಾರು ಎಲ್ಲಿ ಬಂದೂಕು ಹಿಡಿದು ಕಾಯಬೇಕೆಂದು ಹೇಳುವವನು ಬೇಟೆಯ ಯಜಮಾನ. ಯಜಮಾನ ಎವರ್ಟ್, ವಯಸ್ಸು ಎಂಬತ್ತು ದಾಟಿತ್ತು. ಅವನು ಪ್ರತಿ ವರ್ಷವೂ ತನ್ನ ಸಹಾಯಕನಾದ, ತನ್ನ ನಂತರ ಯಜಮಾನನಾಗಬೇಕಾದ ಸಿಕ್ಸ್ಟೆನ್‌ನನ್ನು ಆ ಕಲ್ಲಿನ ಮೇಲೆಯೇ ಕೂರಿಸುತ್ತಿದ್ದ. ಕುದುರೆಯಷ್ಟು ಎತ್ತರದ, ಜಿಂಕೆ ಜಾತಿಯ ಆ ಪ್ರಾಣಿ ಅತ್ತ ಸುಳಿದದ್ದನ್ನು ಕಂಡವರಿಲ್ಲ. ಒಮ್ಮೆ ಒಂದು ಮರಕುಟಿಗ ಬಂದು ಸಿಕ್ಸ್ಟೆನ್‌ನ ಕಾಫಿ ಫ್ಲಾಸ್ಕನ್ನು ಕುಟ್ಟಿ ನೋಡಿ, ಹುಳ ಸಿಗದೆ ಬೇಸರದಿಂದ ಹಾರಿಹೋಗಿತ್ತು.

"ಅಲ್ಲಿ ಯಾರಾದ್ರೂ ಒಬ್ರು ಕೂರ್ಬೇಕಲ್ಲ ಮಾರಾಯ," ಎನ್ನುತ್ತಿದ್ದ ಎವರ್ಟ್. "ನಿನ್ನಷ್ಟು ತಾಳ್ಮೆ ಇನ್ಯಾರಿಗಿದೆ ಹೇಳು?"

ಎವರ್ಟ್ ಸಾಯುವ ಲಕ್ಷಣವೂ ಇರಲಿಲ್ಲ, ಯಜಮಾನಿಕೆ ಬಿಡುವ ಲಕ್ಷಣವೂ ಇರಲಿಲ್ಲ. ಬೆಳಿಗ್ಗೆ ಎದ್ದು ಕೆರೆಯ ತಣ್ಣೀರಿಗೆ ಇಳಿಯುತ್ತಿದ್ದ. ಸಿಕ್ಸ್ಟೆನ್‌ಗೆ ಅರವತ್ತೆಂಟು. ಅವನ ಮಂಡಿಗಳು ಈಗಲೇ ಹವಾಮಾನ ಹೇಳತೊಡಗಿದ್ದವು.

ಆ ಬೇಸಿಗೆಯ ಕೊನೆಯಲ್ಲಿ ನರ್ಸ್ ಗುನ್‌ಬ್ರಿಟ್ ಊರಿನ ಸಭಾಭವನದಲ್ಲಿ ಹಿರಿಯರನ್ನೆಲ್ಲ ಸೇರಿಸಿದಳು. ಗೋಥೆನ್‌ಬರ್ಗ್ ನಗರದ ಒಂದು ಪ್ರಯೋಗಾಲಯದವರು ಹಳ್ಳಿಯವರ ರಕ್ತ ಕೇಳಿದ್ದರು. ಬೆರಳು ಚುಚ್ಚಿ ದಪ್ಪ ಕಾಗದದ ಕಾರ್ಡಿನ ಮೇಲೆ ಎರಡು ಹನಿ ಬಿಟ್ಟು ಒಣಗಿಸಿ ಕಳಿಸಿದರೆ ಸಾಕು. ಮರೆವಿನ ಕಾಯಿಲೆ ಬರುವ ಎಷ್ಟೋ ವರ್ಷ ಮೊದಲೇ ರಕ್ತದಲ್ಲಿ ಒಂದು ಪ್ರೋಟೀನ್ ಏರುತ್ತದಂತೆ. ಯಾರಿಗೆ ಯಾವ ಔಷಧ, ಯಾವಾಗ ಎಂದು ಅದನ್ನು ನೋಡಿ ತೀರ್ಮಾನಿಸಬಹುದಂತೆ.

"ತಲೆಯೊಳಗೆ ಎಲ್ಲೋ ಸೀದ್ರೆ ರಕ್ತದಲ್ಲಿ ವಾಸನೆ ಬರುತ್ತೆ ಅಂತ ತಿಳ್ಕೊಳ್ಳಿ," ಎಂದಳು ಗುನ್‌ಬ್ರಿಟ್. "ಜಾಸ್ತಿ ಬಂದವರನ್ನ ಡಾಕ್ಟರು ಕರೀತಾರೆ."

"ಕರೆದು?" ಎಂದ ಎವರ್ಟ್.

"ಪರೀಕ್ಷೆ ಮಾಡ್ತಾರೆ. ಗಡಿಯಾರದ ಚಿತ್ರ ಬರಿ ಅಂತಾರೆ. ಕಾರು, ಬಂದೂಕು ಇಟ್ಕೋಬಹುದಾ ನೋಡ್ತಾರೆ."

ಸಿಕ್ಸ್ಟೆನ್‌ನ ಕೈಯಲ್ಲಿದ್ದ ಏಲಕ್ಕಿ ಬನ್ನು ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು. ಬಂದೂಕಿಲ್ಲದ ಬೇಟೆಯ ಯಜಮಾನ! ಅಂಥವನು ಮಾಂಸ ಹಂಚುವ ದಿನ ತಕ್ಕಡಿ ಹಿಡಿಯಬಹುದು, ಅಷ್ಟೇ.

ಯೋಚನೆ ಮೊಳೆತ ಮೇಲೆ ಅದಕ್ಕೆ ನೀರು ಗೊಬ್ಬರ ತಾವಾಗಿ ಬಂದವು. ಹಳ್ಳಿಯಲ್ಲಿ ಅಂಚೆ ಡಬ್ಬಿ ತೆಗೆದುಹಾಕಿದ್ದರಿಂದ ಮನೆಮನೆಗೆ ಲಕೋಟೆ ಮುಟ್ಟಿಸಿ ವಾಪಸ್ ತರುವ ಕೆಲಸವನ್ನು ಗುನ್‌ಬ್ರಿಟ್ ಸಿಕ್ಸ್ಟೆನ್‌ಗೇ ಒಪ್ಪಿಸಿದಳು. ಅವನಷ್ಟು ನಂಬಿಗಸ್ತ ಯಾರಿದ್ದರು? ಪ್ರತಿ ಲಕೋಟೆಯಲ್ಲೂ ಹೆಸರು ಅಂಟಿಸಿದ ಎರಡು ಕಾರ್ಡು. ಒಂದು ಕೆಟ್ಟರೆ ಇನ್ನೊಂದು. ಎವರ್ಟ್ ಅಡುಗೆಮನೆಯಲ್ಲಿ ಬೆರಳು ಚುಚ್ಚಿಕೊಳ್ಳುವಾಗ ಸಿಕ್ಸ್ಟೆನ್ ಪಕ್ಕದಲ್ಲೇ ನಿಂತು ಹುರಿದುಂಬಿಸಿದ. ಉಳಿದ ಖಾಲಿ ಕಾರ್ಡನ್ನು "ಇದು ಬೇಡ ಬಿಡು" ಎಂದು ಜೇಬಿಗೆ ಸೇರಿಸಿದ. ಎವರ್ಟ್‌ನ ನಿಜವಾದ ಎರಡು ಹನಿ ಅಂದೇ ಸಿಕ್ಸ್ಟೆನ್‌ನ ಒಲೆಯಲ್ಲಿ ಬೂದಿಯಾದವು.

ಉಳಿದದ್ದು ಒಂದೇ ಪ್ರಶ್ನೆ: ಖಾಲಿ ಕಾರ್ಡಿಗೆ ಯಾರ ರಕ್ತ? ವೃದ್ಧಾಶ್ರಮಕ್ಕೆ ಹೋಗಿ ಮರೆವಿನ ಮುದುಕಿಯೊಬ್ಬಳಿಗೆ ಸೂಜಿ ಚುಚ್ಚುವಷ್ಟು ಕೆಟ್ಟವನು ತಾನಲ್ಲ ಎಂದು ಅವನು ತನ್ನ ಬಗ್ಗೆಯೇ ಮೆಚ್ಚುಗೆ ಪಟ್ಟುಕೊಂಡ. ಉತ್ತರ ಸಿಕ್ಕಿದ್ದು ಪತ್ರಿಕೆಯಲ್ಲಿ. ಆಗತಾನೇ ಹುಟ್ಟಿದ ಕೂಸುಗಳ ರಕ್ತದಲ್ಲಿ ಅದೇ ಪ್ರೋಟೀನ್ ಮರೆವಿನ ರೋಗಿಗಳಿಗಿಂತಲೂ ಹೆಚ್ಚಿರುತ್ತದೆಂದು ಗೋಥೆನ್‌ಬರ್ಗ್‌ನ ವಿಜ್ಞಾನಿಗಳು ಕಂಡುಕೊಂಡಿದ್ದರು. ಸಿಕ್ಸ್ಟೆನ್ ಅದನ್ನು ಎರಡು ಸಲ ಓದಿ ತನ್ನದೇ ರೀತಿಯಲ್ಲಿ ಅರ್ಥ ಮಾಡಿಕೊಂಡ. ಮುದುಕನ ತಲೆಯಲ್ಲಿ ಮನೆ ಬೀಳುವ ಗದ್ದಲ. ಕೂಸಿನ ತಲೆಯಲ್ಲಿ ಮನೆ ಕಟ್ಟುವ ಗದ್ದಲ. ಬೇಲಿಯಾಚೆ ನಿಂತು ಕೇಳುವವರಿಗೆ ಎರಡೂ ಒಂದೇ ಸದ್ದು.

ಅವನ ಮಗಳು ಇಲ್ವಾ ಹೆತ್ತು ಇನ್ನೂ ವಾರ ಕಳೆದಿರಲಿಲ್ಲ.

ಹುಟ್ಟಿದ ಮಕ್ಕಳಿಗೆಲ್ಲ ಮಾಡುವ ಪರೀಕ್ಷೆಗೆಂದು ಕೂಸಿನ ಹಿಮ್ಮಡಿಯಿಂದ ಆಸ್ಪತ್ರೆಯಲ್ಲಿ ತೆಗೆದ ರಕ್ತ ಸರಿಯಾಗಿ ಒಣಗಿರಲಿಲ್ಲವೆಂದು ಮತ್ತೊಮ್ಮೆ ತೆಗೆಯಲು ಗುನ್‌ಬ್ರಿಟ್ ಮನೆಗೇ ಬಂದಳು. ಅದೃಷ್ಟ ಬಾಗಿಲು ತಟ್ಟಿ ಒಳಗೆ ಬಂದು ಬೂಟು ಕಳಚಿಟ್ಟಂತಾಯಿತು. ಹಿಮ್ಮಡಿ ಚುಚ್ಚಿದ್ದಾಯಿತು, ಕೂಸು ಚೀರಿದ್ದೂ ಆಯಿತು. ಗುನ್‌ಬ್ರಿಟ್ ತನಗೆ ಬೇಕಾದ ಹನಿಗಳನ್ನು ತೆಗೆದುಕೊಂಡು ಹತ್ತಿ ಒತ್ತಿದಾಗ ಸಿಕ್ಸ್ಟೆನ್ ಕೈ ಚಾಚಿದ.

"ಕೊಡಿ, ನಾನು ಹಿಡ್ಕೋತೀನಿ. ನೀವಿಬ್ರೂ ಕಾಫಿ ಕುಡೀರಿ."

"ಅಪ್ಪ, ನೀನಾ?" ಎಂದಳು ಇಲ್ವಾ. "ನಾನು ಚಿಕ್ಕವಳಿದ್ದಾಗ ಒಂದಿನಾನೂ ಎತ್ಕೊಂಡವನಲ್ಲ!"

"ಆಗ ತಾಳ್ಮೆ ಇರ್ಲಿಲ್ಲ. ಕಲ್ಲಿನ ಮೇಲೆ ಕೂತು ಕೂತು ಬಂತು."

ಪಕ್ಕದ ಕೋಣೆಯಲ್ಲಿ ಅವನು ಹತ್ತಿ ಸರಿಸಿ, ಎವರ್ಟ್‌ನ ಹೆಸರಿನ ಕಾರ್ಡನ್ನು ಆ ಪುಟ್ಟ ಹಿಮ್ಮಡಿಗೆ ಮೆತ್ತಗೆ ತಾಗಿಸಿದ. ಒಂದು ಹನಿ. ಕಾದ. ಇನ್ನೊಂದು. ಕೂಸು ಅಳು ನಿಲ್ಲಿಸಿ, ಹುಬ್ಬಿಲ್ಲದ ಹುಬ್ಬು ಗಂಟಿಕ್ಕಿ, ತನಿಖೆಗೆ ಬಂದ ಅಧಿಕಾರಿಯಂತೆ ಅವನನ್ನೇ ನೋಡಿತು. ಸಿಕ್ಸ್ಟೆನ್ ಅದಕ್ಕೆ ಕಣ್ಣು ಹೊಡೆದ. ಬೆರಳಚ್ಚು ಬೀಳದಂತೆ ಉಣ್ಣೆಯ ಕೈಗವಸು ಹಾಕಿಕೊಂಡಿದ್ದನಾದ್ದರಿಂದ ಕಾರ್ಡಿಗೆ ಒಂದೆರಡು ಎಳೆ ಅಂಟಿತು. ಅದನ್ನೂ ಊದಿ ತೆಗೆದ. ಇಷ್ಟು ಅಚ್ಚುಕಟ್ಟಿನ ಅಪರಾಧ ಈ ಸೀಮೆಯಲ್ಲಿ ನಡೆದಿರಲಾರದು ಎನಿಸಿ, ಯಾರಿಗೂ ಹೇಳಿಕೊಳ್ಳಲಾಗದಲ್ಲ ಎಂದು ಸ್ವಲ್ಪ ಸಂಕಟವೂ ಆಯಿತು.

ಲಕೋಟೆಗಳು ಹೋದವು. ಬರ್ಚ್ ಮರಗಳು ಹಳದಿಯಾದವು. ಸಿಕ್ಸ್ಟೆನ್ ಟೋಪಿಗೆ ಹೊಸ ಕಿತ್ತಳೆ ಪಟ್ಟಿ ಹೊಲಿಸಿಕೊಂಡ. ದನದ ಕೊಟ್ಟಿಗೆಯಲ್ಲಿ ಯಾರೂ ಇಲ್ಲದಾಗ ಭಾಷಣ ಅಭ್ಯಾಸ ಮಾಡಿದ: "ಎವರ್ಟ್ ನಮಗೆಲ್ಲ ದಾರಿ ತೋರಿಸಿದವನು. ಈಗ ಅವನಿಗೆ ನಾವು ದಾರಿ ತೋರಿಸಬೇಕು." ಈ ಮಾತಿಗೆ ಒಂದು ಹಸು ತಲೆಯಾಡಿಸಿತು.

ಬೇಟೆಯ ಹಿಂದಿನ ದಿನ ತಂಡವೆಲ್ಲ ಬೇಟೆಮನೆಯಲ್ಲಿ ಸೇರಿತು. ಗುನ್‌ಬ್ರಿಟ್ ಕೂಡ ಬಂದಿದ್ದಳು. ಅದು ಒಳ್ಳೆಯ ಶಕುನವೆಂದುಕೊಂಡ ಸಿಕ್ಸ್ಟೆನ್ ಮುಖದಲ್ಲಿ ಬೇಕಾದಷ್ಟು ದುಃಖ ತಂದುಕೊಂಡು ಕೂತ. ಎವರ್ಟ್ ಕಾಫಿ ಲೋಟ ಕೆಳಗಿಟ್ಟು ಎದ್ದು ನಿಂತ.

"ಗೋಥೆನ್‌ಬರ್ಗ್‌ನಿಂದ ಡಾಕ್ಟರಮ್ಮ ಫೋನ್ ಮಾಡಿದ್ಲು," ಎಂದ. "ನನ್ನ ರಕ್ತದಲ್ಲಿ ಅದೇನೋ ತುಂಬಾ ಇದೆಯಂತೆ."

"ಅಯ್ಯೋ ಎವರ್ಟ್!" ಎಂದ ಸಿಕ್ಸ್ಟೆನ್, ಎಲ್ಲರಿಗಿಂತ ಮೊದಲು.

"ತಡಿ, ಮುಗೀಲಿಲ್ಲ. ಮರೆವಿನೋರಿಗೆ ಇಷ್ಟಿರುತ್ತಂತೆ." ಅವನು ಕೈಯನ್ನು ಮೇಜಿನ ಮಟ್ಟಕ್ಕೆ ಹಿಡಿದ. "ನಂದು ಅಲ್ಲಿ." ಬೆರಳು ತೊಲೆಯ ಕಡೆ ಹೋಯಿತು. "ಅಷ್ಟೆತ್ತರ ಯಾವ ರೋಗಿಗೂ ಏರಲ್ವಂತೆ. ಎಳೇ ಕೂಸುಗಳಿಗೆ ಮಾತ್ರ ಅಂತೆ. ಅದನ್ನ ಕಂಡುಹಿಡಿದೋರೇ ಅವ್ರು, ಅವ್ರಿಗೆ ಗೊತ್ತಾಗಲ್ವಾ? ಅನುಮಾನ ಬಂದು ರಕ್ತದ ಹಿಮೋಗ್ಲೋಬಿನ್ ನೋಡಿದ್ರೆ ಅದೂ ಎಳೇ ಕೂಸಿಂದೇ. ಹಲ್ಲು ಬಂದಿದೆಯಾ ಅಂತ ಕೇಳಿದ್ಲು. ಬಂದು ಹೋಗಿವೆ ಅಂದೆ."

ಬೇಟೆಮನೆ ನಗೆಯಿಂದ ಅದುರಿತು. ಸಿಕ್ಸ್ಟೆನ್ ಕೂಡ ನಕ್ಕ, ಒಂದು ಗಳಿಗೆ ತಡವಾಗಿ. ಭಯವೇನೂ ಆಗಲಿಲ್ಲ. ಯಾವುದೋ ಕೂಸಿನ ರಕ್ತ ಎಂದರೆ ಏನಾಯಿತು? ಲೋಕದಲ್ಲಿ ಕೂಸುಗಳಿಗೇನು ಬರವೇ, ಇವರು ಯಾವುದನ್ನೆಂದು ಹುಡುಕಿಯಾರು? ಗಂಟಲು ಸರಿಮಾಡಿಕೊಂಡು ಹಾಗೆಂದೇ ಬಿಟ್ಟ: "ಯಾವ ಕೂಸೋ ಏನೋ!"

ನಗೆ ನಿಂತಿತು. ಊರಿನ ಶಾಲೆ ಮಕ್ಕಳಿಲ್ಲದೆ ಮುಚ್ಚಿ ವರ್ಷಗಳಾಗಿದ್ದವು. ಚರ್ಚಿನಲ್ಲಿ ಕೂಸುಗಳ ದೀಕ್ಷಾಸ್ನಾನಕ್ಕಿದ್ದ ಬಟ್ಟಲಲ್ಲಿ ಪಾದ್ರಿ ಜೆರೇನಿಯಂ ಹೂಗಿಡ ಬೆಳೆಸಿದ್ದ. ಏಳು ವರ್ಷಗಳಲ್ಲಿ ಆ ಊರಿನಲ್ಲಿ ಹುಟ್ಟಿದ್ದು ಒಂದೇ ಒಂದು ಮಗು. ಅದು ಹುಟ್ಟಿದ ದಿನ ಪ್ರತಿ ಮನೆಯೂ ಧ್ವಜ ಹಾರಿಸಿತ್ತು, ಮತ್ತು ಈ ಕೋಣೆಯಲ್ಲಿ ಕೂತ ಪ್ರತಿಯೊಬ್ಬರ ಹೆಂಡತಿಯೂ ಅದಕ್ಕೆಂದು ಒಂದು ಜೊತೆ ಕಾಲುಚೀಲ ಹೆಣೆದಿದ್ದಳು. ಸುತ್ತಲಿನ ಕಾಫಿ ಲೋಟಗಳು ಒಂದೊಂದಾಗಿ ಕೆಳಗಿಳಿದವು, ಮುಖಗಳು ಒಂದೊಂದಾಗಿ ಸಿಕ್ಸ್ಟೆನ್‌ನತ್ತ ತಿರುಗಿದವು. ಕೊನೆಯದಾಗಿ ತಿರುಗಿದ ಗುನ್‌ಬ್ರಿಟ್ ಬಹಳ ಮೆತ್ತಗೆ ಕೇಳಿದಳು, "ಕೂಸು ಹೇಗಿದೆ, ತಾತ?"