ಸೋರಿಕೆಯ ಮನೆ

ಹಂಚಿನಗಡ್ಡಿಯ ನೀರಿನ ಟ್ಯಾಂಕು ತುಂಬಿ ಪಂಪು ನಿಂತಿತು. ಆ ಕ್ಷಣವೇ ಕರೆಂಟು ಹಿಟ್ಟಿನ ಗಿರಣಿಯ ಕಡೆ ಹರಿಯಿತು. ಜೋಳ ಬೀಸಿ ಮುಗಿದ ಮೇಲೆ ಶಾಲೆಯ ಫ್ಯಾನುಗಳು ತಿರುಗಿದವು. ಯಾರೂ ಸ್ವಿಚ್ಚು ಮುಟ್ಟಿರಲಿಲ್ಲ.

ಕೃಷ್ಣೆಯ ನಡುವಿನ ಆ ನಡುಗಡ್ಡೆಗೆ 2061ರಲ್ಲೂ ವಿದ್ಯುತ್ ತಂತಿ ಬಂದಿರಲಿಲ್ಲ. ನಲವತ್ತು ಮನೆಗಳಿಗೆ ಸೌರಫಲಕಗಳು, ಒಂದು ದೊಡ್ಡ ಬ್ಯಾಟರಿ, ಬ್ಯಾಟರಿಯ ವಿದ್ಯುತ್ತನ್ನು ಮನೆಬಳಕೆಗೆ ಒಗ್ಗುವಂತೆ ಬದಲಿಸುವ ಒಂದು ಇನ್ವರ್ಟರ್. ಹಳೆಯದು ನೂರಕ್ಕೆ ಹನ್ನೆರಡು ಪಾಲನ್ನು ಸುಮ್ಮನೆ ಬಿಸಿಯಾಗಿ ಕಳೆಯುತ್ತಿತ್ತು. ವಿಜ್ಞಾನಿ ನೀಲಾಂಬಿಕಾ ಹೂಗಾರ ರೂಪಿಸಿದ ಹೊಸದು ಒಂದು ಪಾಲನ್ನೂ ಕಳೆಯುತ್ತಿರಲಿಲ್ಲ. ಯಾವ ಯಂತ್ರ ಎಷ್ಟು ಎಳೆಯುತ್ತದೆ, ಯಾವಾಗ ಕೆಲಸ ಮುಗಿಸುತ್ತದೆ ಎಂಬುದನ್ನು ಕರೆಂಟಿನ ಏರಿಳಿತದಿಂದಲೇ ಕಲಿತು ಅದು ಹಂಚುತ್ತಿತ್ತು. ಬ್ಯಾಟರಿ ತೀರಾ ಇಳಿದಾಗ, ಎಂದೂ ಕೆಲಸ ಮುಗಿಸದೆ ಎಳೆಯುತ್ತಲೇ ಇರುವುದನ್ನು ಸೋರಿಕೆ ಎಂದು ಬಗೆದು ಕತ್ತರಿಸುತ್ತಿತ್ತು. ಊರಿನವರು ಮೂರು ಇನ್ವರ್ಟರುಗಳನ್ನು ನೋಡಿ, ಕೈಯೆತ್ತಿ ಇದನ್ನೇ ಆರಿಸಿದ್ದರು.

ಆ ಆಗಸ್ಟಿನಲ್ಲಿ ನದಿ ಉಕ್ಕಿತು. ಎಂಟು ದಿನ ಸೂರ್ಯ ಕಾಣಲಿಲ್ಲ. ವರ್ಷದ ತಪಾಸಣೆಗೆ ಬಂದಿದ್ದ ನೀಲಾಂಬಿಕಾ ಅಲ್ಲೇ ಸಿಕ್ಕಿಕೊಂಡಳು. ಒಂಬತ್ತನೆಯ ದಿನ ಬೆಳಿಗ್ಗೆ ದುರುಗಮ್ಮ ಓಡಿ ಬಂದಳು. ಅವಳ ಗಂಡ ಯಂಕೋಬ ಮೂವತ್ತು ವರ್ಷ ಕಲ್ಲು ಒಡೆದವನು. ಕಲ್ಲಿನ ಧೂಳು ಪುಪ್ಪುಸದಲ್ಲಿ ಕೂತು, ಈಗ ಆಮ್ಲಜನಕದ ಯಂತ್ರವಿಲ್ಲದೆ ಉಸಿರಾಡಲಾರ.

"ಅಕ್ಕೋರ, ಗಾಳಿ ಮಷಿನ್ ಬಂದ್ ಆಗ್ಯದ. ತುಟಿ ನೀಲಿ ಆಗಕತ್ಯಾವ ಅವಂದು!"

ನೀಲಾಂಬಿಕಾ ಇನ್ವರ್ಟರಿನ ಪರದೆ ನೋಡಿದಳು. ಹದಿನೇಳನೆಯ ಮನೆ: ಸೋರಿಕೆ. ಯಂಕೋಬನ ಯಂತ್ರ ಹಗಲಿರುಳು ಒಂದೇ ಸಮನೆ ಎಳೆಯುತ್ತಿತ್ತು. ಉಸಿರಾಟವೆಂಬ ಕೆಲಸ ಮುಗಿಯುವಂಥದ್ದಲ್ಲವೆಂದು ಇನ್ವರ್ಟರಿಗೆ ಯಾರೂ ಕಲಿಸಿರಲಿಲ್ಲ.

"ಆ ಮನಿ ಒಂದಕ್ಕ ಬಿಡ್ರಿ," ಎಂದ ವಿದ್ಯುತ್ ಸಮಿತಿಯ ಅಯ್ಯಣ್ಣ.

"ಒಂದೇ ಮನೆಗೆ ಬಿಡೋ ದಾರಿ ನಾನು ಇಟ್ಟಿಲ್ಲ. ಇಟ್ಟರೆ ಎಲ್ಲರೂ ಕೇಳ್ತಾರೆ ಅಂತ. ಯಂತ್ರಾನ ಬೇರೆ ಮನೆಗೆ ಒಯ್ದರೆ ಆ ಮನೆಯನ್ನೂ ಕತ್ತರಿಸುತ್ತೆ." ಅವಳು ಇನ್ವರ್ಟರ್ ಪೆಟ್ಟಿಗೆಯ ಬದಿಯ ಕೆಂಪು ಹಿಡಿ ತೋರಿಸಿದಳು. "ಇದನ್ನ ಎಳೆದರೆ ಎಲ್ಲಾ ಮನೆಗೂ ತಡೆಯಿಲ್ಲದೆ ಹರಿಯುತ್ತೆ. ನೀವೆಲ್ಲ ನಿಮ್ಮ ನಿಮ್ಮ ದೀಪ, ಫ್ಯಾನು ಆರಿಸಿದರೆ ಯಂಕೋಬ ಎರಡು ದಿನ ಉಳೀತಾರೆ. ಆರಿಸದಿದ್ದರೆ ಸಂಜೆಯೊಳಗೆ ಬ್ಯಾಟರಿ ಬರಿದು. ಕುಡಿಯೋ ನೀರೂ ಇಲ್ಲ."

ಊರು ಸೇರಿತು. ದುರುಗಮ್ಮ ಸೆರಗೊಡ್ಡಿ ಬೇಡಿದಳು.

"ನಾವು ಆರಸ್ತೀವಿ. ಉಳದೋರು ಆರಸಬೇಕಲ್ಲ?" ಎಂದರು ಒಬ್ಬರು. ಎಲ್ಲರದೂ ಅದೇ ಮಾತು.

"ಅಕ್ಕೋರ, ನೀವರ ಎಳೀರಿ," ಎಂದಳು ದುರುಗಮ್ಮ.

"ತೀರ್ಮಾನ ಊರಿನದು," ಎಂದಳು ನೀಲಾಂಬಿಕಾ. ಹಿಡಿ ಅವಳ ಕೈಯಿಂದ ಒಂದು ಗೇಣು ದೂರದಲ್ಲಿತ್ತು.

ದುರುಗಮ್ಮ ತಾನೇ ಅದಕ್ಕೆ ಹಾರಿದಳು. ಇಬ್ಬರು ಹೆಂಗಸರು ಅವಳ ತೋಳು ಹಿಡಿದುಕೊಂಡರು, ನೋಯದಂತೆ. ಒಬ್ಬಳು ಕಣ್ಣೊರೆಸುತ್ತ ಹೇಳಿದಳು: "ಸಮಾಧಾನ ಮಾಡ್ಕೋ ತಂಗಿ. ಮಷಿನ್ ತಾನಾ ಬಂದ್ ಮಾಡ್ಯದ. ಇದ್ರಾಗ ಯಾರ್ದೇನು ತಪ್ಪದ?"

ಅಷ್ಟರಲ್ಲಿ ಸರದಿ ಬಂದು ಗಿರಣಿ ತಿರುಗತೊಡಗಿತು. ಕೆಲವರು ಚೀಲ ಹಿಡಿದು ಅತ್ತ ನಡೆದರು. ಯಂಕೋಬ ಮಧ್ಯಾಹ್ನ ಎರಡಕ್ಕೆ ಸತ್ತ. ಹೆಂಗಸರು ದುರುಗಮ್ಮನ ತೋಳು ಬಿಟ್ಟಿದ್ದು ಆಮೇಲೆ. ಮರುದಿನ ಹತ್ತು ಗಂಟೆಗೆ ಮೋಡ ಸರಿದು ಬಿಸಿಲು ಬಿತ್ತು.

ಮೂರು ತಿಂಗಳ ಬಳಿಕ ಸುತ್ತಲಿನ ಏಳು ನಡುಗಡ್ಡೆಗಳೂ ಅದೇ ಇನ್ವರ್ಟರನ್ನು ಬಯಸಿದವು. ಅಯ್ಯಣ್ಣ ಅವರ ಪರವಾಗಿ ಬಂದ. ಒಂದು ಬದಲಾವಣೆ ಮಾತ್ರ ಬೇಕೆಂದ: ಆ ಹಿಡಿ ತೆಗೆದುಬಿಡಬೇಕು. "ಅದು ಇದ್ರ ಮಂದಿ ಅದ್ರ ಮುಂದ ನಿಂದರಬೇಕಾಗ್ತದ, ಅಕ್ಕೋರ."

ನೀಲಾಂಬಿಕಾ ಎರಡು ನಕ್ಷೆ ಬಿಡಿಸಿಟ್ಟಿದ್ದಳು. ಒಂದು, ಯಾವ ಮನೆಯನ್ನೂ ಕತ್ತರಿಸದೆ ನೂರಕ್ಕೆ ನಾಲ್ಕು ಪಾಲು ಕಳೆಯುವಂಥದ್ದು. ಇನ್ನೊಂದು, ಈಗಿನಂತೆಯೇ ಒಂದು ಪಾಲನ್ನೂ ಕಳೆಯದ, ಹಿಡಿಯಿಲ್ಲದ್ದು. ಮೊದಲನೆಯದನ್ನು ಅವಳು ವಿವರಿಸತೊಡಗಿದಾಗ, ಇನ್ವರ್ಟರ್ ಅಂಗಡಿಗೆ ಹೋದ ಯಾರಾದರೂ ಕೇಳುವಂತೆ ಅಯ್ಯಣ್ಣನೂ ಕೇಳಿದ:

"ಅದಿರಲ್ರಿ. ಇವೆರಡ್ರಾಗ ಜಾಸ್ತಿ ಉಳಸೋದು ಯಾವ್ದು?"

ಅವಳು ಎರಡನೆಯದನ್ನು ಅವನತ್ತ ಸರಿಸಿದಳು.