ಬಿಳಿ ಹಾಳೆಯ ಮೇಲೆ ಹಳದಿ ಗೆರೆ

2006ರ ಏಪ್ರಿಲ್ 11, ಬೆಳಿಗ್ಗೆ ಹತ್ತು ಗಂಟೆ. ಗಚ್ಚಿಬೌಲಿ ಕಡೆಯ ಒಂದು ಠಾಣೆಗೆ ದೂರು ಬಂತು. ಕೊಟ್ಟವರು ಸತ್ತವನ ಕಡೆಯವರಲ್ಲ, ಕಟ್ಟಡದ ಕಂಪನಿಯವರು. ಐಟಿ ಕಟ್ಟಡದ ಬಾಲ್ಕನಿ ನಿನ್ನೆ ಕುಸಿದಿದೆ. ಕಂಬಿ ಕಟ್ಟುವ ಮೇಸ್ತ್ರಿ ಮೌನಪ್ಪ ನಕ್ಷೆಯಲ್ಲಿದ್ದ, ಬಾಲ್ಕನಿ ಹೊರುವ ತೊಲೆಯನ್ನೇ ಬಿಟ್ಟಿದ್ದ. ಕುಸಿದ ಬಾಲ್ಕನಿಯಡಿ ತಾನೇ ಸತ್ತ. ದೂರಿನ ಕೆಳಗೆ ಎಂಜಿನಿಯರ್ ಉಪೇಂದ್ರನ ಸಹಿ. ಸತ್ತವನ ಮೇಲೆಯೇ ಎಫ್‌ಐಆರ್ ಆಗಬೇಕಂತೆ!

ಮೌನಪ್ಪನ ಹೆಂಡತಿ ಬಂಡೆಮ್ಮ ಠಾಣೆಯ ಬಾಗಿಲಲ್ಲೇ ಕೂತಿದ್ದಳು. ಯಾದಗಿರಿ ಕಡೆಯವಳು.

"ತನ್ನ ಕೈಲೆ ತಾನ ಸತ್ತ ಅಂತ ಬರೀಬ್ಯಾಡ್ರಿ ಸಾಹೇಬ್ರ. ಅವನ ತಮ್ಮಂದಿರೂ ಕಂಬಿ ಕೆಲಸದಾಗ ಅದಾರ. ನಾಳಿ ಅವರ್ನ ಯಾರು ಕರೀತಾರ?"

ಇನ್ಸ್‌ಪೆಕ್ಟರ್ ಮಲ್ಲಿಕಾರ್ಜುನ ನಾರಾಯಣಪೇಟೆಯವರು, ಮನೆಮಾತು ಕನ್ನಡ. "ಬರ್ರಿ, ತಾಯಿ," ಎಂದು ಜೀಪು ಹತ್ತಿಸಿಕೊಂಡರು.

ಸೈಟಿನಲ್ಲಿ ಪಂಚನಾಮೆ ಶುರುವಾಯಿತು. ಹಲಗೆಗೆ ಬಡಿದ ನಕ್ಷೆಯಲ್ಲಿ ತೊಲೆ ಕಪ್ಪಗೆ ಎದ್ದು ಕಾಣುತ್ತಿತ್ತು.

"ನೋಡಿ ಸರ್," ಎಂದ ಉಪೇಂದ್ರ. "ಓದೋಕೆ ಬರದವರನ್ನ ಮೇಸ್ತ್ರಿ ಮಾಡಿದ್ರೆ ಇದೇ ಗತಿ."

ಕಾನ್‌ಸ್ಟೇಬಲ್ ರಾಮಕೃಷ್ಣ ಹಾಳೆಯ ಮೇಲೆ ಬೆರಳಾಡಿಸಿದ. ಅಕ್ಕಪಕ್ಕದ ಹಾಳೆಗಳಿಗೆಲ್ಲ ಸಿಮೆಂಟು ಮೆತ್ತಿತ್ತು. ಇದೊಂದು ಮಾತ್ರ ಇಸ್ತ್ರಿ ಹೊಡೆದ ಅಂಗಿಯ ಹಾಗಿತ್ತು.

"ಹಳೇ ಹಾಳೆ ಎಲ್ಲಿ?" ಎಂದರು ಮಲ್ಲಿಕಾರ್ಜುನ.

"ಹಳೇದು ಅಂತ ಯಾವುದೂ ಇಲ್ಲ."

"ಐತ್ರಿ," ಎಂದಳು ಬಂಡೆಮ್ಮ. "ನಮ್ಮ ಬಾಜೂಕಿನ ಶೈಲಾನ ಶೆಡ್ಡಿನಾಗ."

ಕೂಲಿಕಾರರ ತಗಡಿನ ಶೆಡ್ಡುಗಳಲ್ಲಿ ಸೈಟಿನ ಹಳೆಯ ನಕ್ಷೆಗಳನ್ನು ಕಾವು ತಡೆಯಲೆಂದು ಒಳಗೋಡೆಗೆ ಅಂಟಿಸುವ ರೂಢಿ. ಆಫೀಸಿನ ಎಂಜಿನಿಯರ್ ಆ ಶೆಡ್ಡುಗಳೊಳಗೆ ಯಾವತ್ತೂ ಇಣುಕಿದವನಲ್ಲ. ನೆರೆಯ ಶೈಲಾ ಮುಂಜಾನೆ ಆಫೀಸಿನ ಕಸದಿಂದ ಆರಿಸಿ ತಂದು ಅಂಟಿಸಿದ ಹಾಳೆಯ ಅಂಟು ಇನ್ನೂ ಹಸಿಯಾಗಿತ್ತು.

"ಇದನ್ನ ನೋಡೇ ಕಂಬಿ ಕಟ್ಟಿದ್ದ, ಹಾಳಿ ಮ್ಯಾಲ ಮೌನಪ್ಪಣ್ಣನ ಎಲಿ-ಅಡಿಕಿ ಕಲೆ ನೋಡ್ರಿ," ಎಂದಳು ಶೈಲಾ. "ಓದಾಕ ಬರ್ತಿದ್ದಿಲ್ಲ ಖರೆ, ಉಗುಳಾಕ ಬರ್ತಿತ್ತು." ಅಂದವಳೇ ಅತ್ತುಬಿಟ್ಟಳು.

ಆ ಹಾಳೆಯಲ್ಲಿ 'ಬಿ-7' ಎಂಬ ತೊಲೆಯ ಹೆಸರು ಖಾಲಿ ಜಾಗದಲ್ಲಿ ತೂಗುತ್ತಿತ್ತು. ಗೆರೆ ಇರಲಿಲ್ಲ. ಕಣ್ಣು ಹತ್ತಿರ ಒಯ್ದಾಗ ಮಾತ್ರ ನೂಲಿನಷ್ಟು ತೆಳು ಹಳದಿ ಕಂಡಿತು. ಮಲ್ಲಿಕಾರ್ಜುನ ಹಾಳೆಯನ್ನು ತಗಡಿನಿಂದ ಬಿಡಿಸಿ, ಹಲಗೆಯ ಮೇಲಿನ ಹೊಸ ಹಾಳೆಯ ಜೊತೆ ಜಪ್ತಿ ಮಾಡಿದರು.

ಮಧ್ಯಾಹ್ನ ಮಿಯಾಪುರ. ನಕ್ಷೆ ಪ್ರಿಂಟ್ ಮಾಡುವ ಅಂಗಡಿಯ ದೀಪಕ ಎರಡೂ ಹಾಳೆ ನೋಡಿ ಬೆವೆತ.

"ಗೆರೆ ಎಲ್ಲಿ ಹೋಯ್ತು?"

"ಕಂಪ್ಯೂಟರಿನ ಕರಿ ಪರದೆ ಮ್ಯಾಲ ಹಳದಿ ಛಲೋ ಕಾಣ್ತದ್ರಿ. ಡ್ರಾಯಿಂಗ್ ಫೈಲ್‌ನ ಪ್ರಿಂಟ್ ಫೈಲಿಗೆ ಬದಲಾಯಿಸುವಾಗ ಎಲ್ಲಾ ಗೆರಿ ಕಪ್ಪು ಮಾಡಬೇಕು. ಇಲ್ಲಾಂದ್ರ ಬಿಳಿ ಹಾಳ್ಯಾಗ ಮುಳುಗ್ತಾವ."

"ಬದಲಾಯಿಸಿದವನು ನೀನಾ?"

"ಯಾವಾಗಲೂ ನಾನ. ಈ ಹಳೇ ಹಾಳಿ ಪ್ರಿಂಟಿನ ದಿನ ಉಪೇಂದ್ರ ಸಾಹೇಬ್ರು ಅವಸರದಾಗ ತಾವ ಮಾಡ್ಕೊಂಡು ಬಂದಿದ್ರು. ಆಮ್ಯಾಲ ಫೋನ್ ಮಾಡಿ ಹೇಳ್ದೆ: ಹೆಸರು ಐತಿ, ಗೆರಿ ಇಲ್ಲ ಅಂತ."

"ಏನಂದ?"

"'ಬಾಯಿ ಮುಚ್ಕೊಂಡಿರು' ಅಂದ್ರು. ನಿನ್ನೆ ಸಂಜಿಕ ಬಂದು ಗೆರಿ ಕಪ್ಪು ಮಾಡಿಸಿ ಹೊಸಾ ಹಾಳಿ ತೊಗೊಂಡು ಹೋದ್ರು."

"ಮನುಷ್ಯ ಸತ್ತ ಮೇಲೂ ಸುಮ್ಮನಿದ್ದೆಯಲ್ಲೋ!" ಮಲ್ಲಿಕಾರ್ಜುನ ಮೇಜು ಗುದ್ದಿದರು.

ಸಂಜೆ ಉಪೇಂದ್ರನ ಬಂಧನವಾಯಿತು. ತಿಳಿದೂ ಸಾವಿಗೆ ಕಾರಣನಾದ, ಸಾಕ್ಷ್ಯ ನಾಶ ಮಾಡಿದ ಆರೋಪ.

"ಒಂದು ಕ್ಲಿಕ್ ತಪ್ಪಿತು ಸರ್."

"ತಪ್ಪು ಗೊತ್ತಾದ ಮೇಲೆ?"

"ಮಾರನೇ ದಿನ ಈ ಕಟ್ಟಡ ಕಟ್ಟಿಸ್ತಿರೋ ವಿದೇಶದವರು ಸೈಟ್ ನೋಡೋಕೆ ಬರ್ತಿದ್ರು. ಅವರೆದುರಿಗೆ ಕೆಲಸ ನಿಲ್ಲಿಸಿ, ನನ್ನ ನಕ್ಷೆ ತಪ್ಪು ಅನ್ನಬೇಕಿತ್ತು. ಬಾಲ್ಕನಿ ನಿಲ್ಲಬಹುದು ಅಂದುಕೊಂಡೆ."

ವರದಿಯಲ್ಲಿ ಮಲ್ಲಿಕಾರ್ಜುನ ಬರೆದರು: ಮೃತನು ತನಗೆ ಕೊಟ್ಟ ಹಾಳೆಯಂತೆಯೇ ಕೆಲಸ ಮಾಡಿದ್ದಾನೆ. ಬಂಡೆಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದರು. ದ್ವೇಷವಿರಲಿಲ್ಲ, ಲಂಚವಿರಲಿಲ್ಲ, ಆ ಮನುಷ್ಯನಿಗೆ ತಪ್ಪೊಪ್ಪಿಕೊಳ್ಳಲು ನಾಚಿಕೆಯಾಗಿತ್ತು ಎಂದೂ ತಿಳಿಸಿದರು.



"ಒಪ್ಪಿಕೊಂಡಿದ್ರ ಅವಂಗ ಏನಾಗ್ತಿತ್ರಿ?"

"ನಾಲ್ಕು ಮಂದಿ ಮುಂದ ಬೈಸ್ಕೊಂತಿದ್ದ."

"ಅಷ್ಟ?" ಎಂದಳು ಬಂಡೆಮ್ಮ.